ಕುತ್ತಿಗೆ ಹಿಡಿದುಕೊಂಡಾಗ: ಮೊದಲ ದಿನದಿಂದ ಆರನೇ ವಾರದವರೆಗೆ ಏನು ಮಾಡಬೇಕು

ಬೆಳಗ್ಗೆ ಎದ್ದರೆ ಕುತ್ತಿಗೆ ಒಂದು ಕಡೆ ತಿರುಗುವುದಿಲ್ಲ. ಬಲವಂತವಾಗಿ ತಿರುಗಿಸಿದರೆ ಕಿವಿಯ ಹಿಂದಿನಿಂದ ಹೆಗಲ ಹಿಂದಿನ ಹಲಗೆ ಎಲುಬಿನ ತನಕ ಚಳುಕು ಹೊಡೆಯುತ್ತದೆ. ಬಳ್ಳಾರಿ, ಕೊಪ್ಪಳದ ಕಡೆ ‘ಕುತ್ತಿಗಿ ಹಿಡದೈತಿ’ ಅನ್ನುತ್ತಾರೆ, ರಾಯಚೂರಿನಲ್ಲಿ ‘ಹಿಡದದ’. ಅದರ ಹಿಂದೆ ಬರುವ ಪ್ರಶ್ನೆಗಳು ಮಾತ್ರ ಎಲ್ಲ ಕಡೆ ಒಂದೇ: ನರ ಸರಿದಿದೆಯಾ? ಎಕ್ಸ್‌ರೇ ಬೇಕಾ? ಕೊರಳಪಟ್ಟಿ ಹಾಕಿಕೊಳ್ಳಲಾ? ನಾಳೆ ಕೆಲಸಕ್ಕೆ ಹೋಗಬಹುದಾ?

ಮೊದಲ ಪ್ರಶ್ನೆಗೆ ಇಲ್ಲಿಯೇ ಉತ್ತರ. ಬಹುತೇಕ ಸಲ ಯಾವ ನರವೂ ಸರಿದಿರುವುದಿಲ್ಲ. ಕುತ್ತಿಗೆಯಲ್ಲಿ 7 ಮಣಿ ಎಲುಬುಗಳಿವೆ. ಸುಮಾರು 5 ಕಿಲೋ ತೂಕದ ತಲೆಯನ್ನು ಅವುಗಳ ಮೇಲೆ ನಿಲ್ಲಿಸಿ ಹಿಡಿಯುವುದು ಸುತ್ತಲಿನ ಸ್ನಾಯುಗಳು. ಯಾವುದೋ ಒಂದು ಸಣ್ಣ ಕೀಲೋ ಸ್ನಾಯುವೋ ನೊಂದರೆ, ಅಕ್ಕಪಕ್ಕದ ಸ್ನಾಯುಗಳು ಅದನ್ನು ಕಾಯಲು ಬಿಗಿದುಕೊಳ್ಳುತ್ತವೆ. ಕೈಗೆ ಗಂಟು ಸಿಕ್ಕಂತೆ ಅನ್ನಿಸುವುದು ಈ ಬಿಗಿತವೇ, ‘ನರ ಹಿಡಿದಿದೆ’ ಎಂದು ನಾವು ಕರೆಯುವುದೂ ಇದನ್ನೇ. ಹೆಚ್ಚಿನವರಿಗೆ ಕೆಲವೇ ದಿನಗಳಲ್ಲಿ, ಹೆಚ್ಚೆಂದರೆ ಒಂದೆರಡು ವಾರದಲ್ಲಿ ಇಳಿಯುತ್ತದೆ. 6 ವಾರದೊಳಗಿನ ನೋವನ್ನು ವೈದ್ಯರು ಅಲ್ಪಾವಧಿ ನೋವು ಎಂದು ಎಣಿಸುತ್ತಾರೆ. ಈ ಲೇಖನ ಅದಕ್ಕಷ್ಟೇ.

1. ಮೊದಲು ಇದು ಮನೆಯಲ್ಲಿ ನೋಡಿಕೊಳ್ಳುವ ನೋವೇ ಎಂದು ಖಚಿತಪಡಿಸಿಕೊಳ್ಳಿ

ಈ ಹಂತವನ್ನು ದಾಟಿಸಿ ಮುಂದೆ ಓದಬೇಡಿ. ಕೆಳಗಿನ ಯಾವುದಾದರೂ ಇದ್ದರೆ ಶಾಖ, ಎಣ್ಣೆ, ಮಾತ್ರೆ ಎಲ್ಲ ಬಿಟ್ಟು ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಕರೆ ಮಾಡಿ.

- ಬೈಕಿನಿಂದ ಬಿದ್ದ, ಮಾಳಿಗೆ ಅಥವಾ ಮರದಿಂದ ಜಾರಿದ, ಮೂಟೆ ತಲೆಯ ಮೇಲೆ ಬಿದ್ದ ನಂತರ ಶುರುವಾದ ನೋವು. ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದಿದ್ದರೂ ಹಗುರವಾಗಿ ನೋಡಬೇಡಿ.
- ಜ್ವರ, ಜೋರು ತಲೆನೋವು, ವಾಂತಿ. ಗದ್ದ ಎದೆಗೆ ತಾಗಿಸಲು ಆಗದಷ್ಟು ಬಿಗಿ. ಇದು ಮಿದುಳುಪೊರೆಯ ಸೋಂಕಿರಬಹುದು, ಗಂಟೆಗಳ ಲೆಕ್ಕದ ಕಾಯಿಲೆ.
- ಹಿಂದೆಂದೂ ಕಾಣದಂಥ ತಲೆನೋವು ಒಮ್ಮೆಲೇ ಬರುವುದು, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಎರಡೆರಡು ಕಾಣುವುದು, ನಡೆಯುವಾಗ ಜೋಲಿ ಹೊಡೆಯುವುದು.
- ಎದೆ ಹಿಂಡಿದಂತಾಗಿ ನೋವು ಕುತ್ತಿಗೆ, ದವಡೆ, ಕೈಗೆ ಹರಿಯುವುದು, ಜೊತೆಗೆ ಬೆವರು. ಇದು ಕುತ್ತಿಗೆಯದಲ್ಲ, ಹೃದಯದ್ದು.
- ಕೈಯಲ್ಲಿ ಹಿಡಿದ ಲೋಟ ಜಾರುವುದು, ಅಂಗಿಯ ಗುಂಡಿ ಹಾಕಲು ತಡವರಿಸುವುದು, ಕಾಲು ಬಿಗಿದು ಹೆಜ್ಜೆ ತಪ್ಪುವುದು, ಮೂತ್ರದ ಮೇಲೆ ಹಿಡಿತ ಹೋಗುವುದು. ಮಿದುಳುಬಳ್ಳಿ, ಅಂದರೆ ಬೆನ್ನೆಲುಬಿನೊಳಗೆ ಇಳಿಯುವ ನರಗಳ ಹುರಿ, ಒತ್ತಿಕೊಂಡಿರುವ ಸೂಚನೆ ಇದು. ನೋವು ಕಡಿಮೆಯಿದ್ದರೂ ಅಪಾಯ ಕಡಿಮೆಯಲ್ಲ.

ಇನ್ನು ಕೆಲವು ಅಷ್ಟು ತುರ್ತಿನವಲ್ಲ, ಆದರೆ ಎರಡು ಮೂರು ದಿನದೊಳಗೆ ವೈದ್ಯರಿಗೆ ತೋರಿಸಬೇಕಾದವು: ಸಂಜೆ ಸಂಜೆ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಅಥವಾ ಕ್ಷಯ ಆಗಿರುವುದು, ಹೇಗೆ ಮಲಗಿದರೂ ರಾತ್ರಿ ನೋವು ಇಳಿಯದಿರುವುದು. ಕ್ಷಯ ಬರೀ ಪುಪ್ಪುಸದ ರೋಗವಲ್ಲ, ಬೆನ್ನೆಲುಬಿಗೂ ಬರುತ್ತದೆ.

ಬಿದ್ದವರ ವಿಷಯದಲ್ಲಿ ನಮ್ಮಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ಗಾಯಾಳುವನ್ನು ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿಸುವುದು. ಮಣಿ ಎಲುಬು ಮುರಿದಿದ್ದರೆ ದಾರಿಯ ಒಂದೇ ಒಂದು ತಗ್ಗು ಕೈಕಾಲಿನ ಬಲವನ್ನೇ ಕಸಿಯಬಹುದು. ಮಲಗಿದ್ದಲ್ಲೇ ಮಲಗಿಸಿ, ತಲೆಯ ಎರಡೂ ಬದಿ ಕೈ ಇಟ್ಟು ಅಲುಗದಂತೆ ಹಿಡಿದು ಆಂಬುಲೆನ್ಸ್‌ಗೆ ಕಾಯಿರಿ.

2. ಮೊದಲ ಎರಡು ದಿನ: ಶಾಖ, ಮತ್ತು ಮಾಡಬಾರದ ಕೆಲವು

ಪೂರ್ತಿ ಮಲಗಿಬಿಡಬೇಡಿ. ಅರ್ಧ ದಿನ ವಿಶ್ರಾಂತಿ ತೆಗೆದುಕೊಂಡರೆ ತಪ್ಪಿಲ್ಲ. ಮೂರು ದಿನ ಹಾಸಿಗೆ ಹಿಡಿದರೆ ಬಿಗಿತ ಇನ್ನಷ್ಟು ಗಟ್ಟಿಯಾಗುತ್ತದೆ.

ಸಣ್ಣ ಪೆಟ್ಟು ಬಿದ್ದು ಅಥವಾ ಜರ್ಕ್ ಹೊಡೆದು ಬಂದ ನೋವಾದರೆ ಮೊದಲ ಒಂದೆರಡು ದಿನ ಐಸ್: ಬಟ್ಟೆಯಲ್ಲಿ ಸುತ್ತಿ 10–15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಮಲಗಿ ಎದ್ದಾಗ ಹಿಡಿದದ್ದಾದರೆ ಶಾಖವೇ ಹೆಚ್ಚು ಹಿತ. ಎರಡರಲ್ಲಿ ಯಾವುದು ಹಾಯ್ ಅನ್ನಿಸುತ್ತದೋ ಅದನ್ನೇ ಮುಂದುವರಿಸಿ, ಇದಕ್ಕೆ ಜಗಳ ಬೇಡ.

ಶಾಖಕ್ಕೆ ರಬ್ಬರ್ ಚೀಲವೇ ಬೇಕೆಂದಿಲ್ಲ. ಎರಡು ಹಿಡಿ ಹರಳುಪ್ಪನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಹುರಿಯಿರಿ. ಚಟಪಟ ಸದ್ದು ನಿಂತ ಮೇಲೆ ಹಳೆಯ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಅದರಲ್ಲಿ ಗಂಟು ಕಟ್ಟಿ. ಹಂಚಿನಿಂದ ತೆಗೆದ ತಕ್ಷಣ ಕುತ್ತಿಗೆಗೆ ಇಡಬೇಡಿ. ಮುಂಗೈಯ ಒಳಭಾಗಕ್ಕೆ ತಾಗಿಸಿ ಹತ್ತು ಎಣಿಸಿ. ಅಷ್ಟು ಹೊತ್ತು ಆರಾಮಾಗಿ ತಡೆದುಕೊಳ್ಳಲು ಆಗಬೇಕು. ನಂತರ ಕುತ್ತಿಗೆಯ ಬುಡದಿಂದ ಹೆಗಲ ಕಡೆಗೆ ಒತ್ತಿ ಒತ್ತಿ ಸಾಗಿಸಿ, ಒಂದೇ ಕಡೆ ಇಟ್ಟು ಕೂರಬೇಡಿ. 15–20 ನಿಮಿಷ ಸಾಕು, ದಿನಕ್ಕೆ ಎರಡು ಮೂರು ಸಲ.

ಇಲ್ಲಿ ಕೆಡುವುದು ಎರಡು ಕಡೆ. ಒಂದು, ನೋವಿನ ಮುಲಾಮು ಹಚ್ಚಿ ಅದರ ಮೇಲೆ ಶಾಖ ಕೊಡುವುದು. ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಮುಲಾಮು ಹಚ್ಚಿದ್ದರೆ ತೊಳೆದು, ಚರ್ಮ ಒಣಗಿದ ಮೇಲೆ ಶಾಖ ಕೊಡಿ. ಎರಡು, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರು ಬಿಸಿಯನ್ನು ತಾವೇ ಅಳೆಯುವುದು. ಅಂಥವರ ಶಾಖವನ್ನು ಮನೆಯ ಬೇರೆಯವರು ಮುಟ್ಟಿ ನೋಡಬೇಕು.

ಈಗ ಮಾಡಬಾರದ್ದು. ಕಟಿಂಗ್ ಶಾಪ್‌ನಲ್ಲಿ ಕೊನೆಗೆ ತಲೆ ಹಿಡಿದು ಎರಡೂ ಕಡೆ ‘ಲಟಕ್’ ಅನ್ನಿಸುವುದು ಬೇಡವೇ ಬೇಡ. ಮಿದುಳಿಗೆ ರಕ್ತ ಒಯ್ಯುವ ಎರಡು ರಕ್ತನಾಳಗಳು ಕುತ್ತಿಗೆಯ ಮಣಿ ಎಲುಬುಗಳ ಅಕ್ಕಪಕ್ಕದ ತೂತುಗಳೊಳಗಿಂದಲೇ ಹಾದುಹೋಗುತ್ತವೆ. ಒಮ್ಮೆಲೇ ತಿರುಚಿದರೆ ನಾಳದ ಒಳಪದರ ಹರಿದು ಪಾರ್ಶ್ವವಾಯು ಹೊಡೆಯಬಹುದು. ಅಪರೂಪ, ನಿಜ. ಆದರೆ ಒಂದು ವಾರದಲ್ಲಿ ತಾನಾಗಿ ಹೋಗುವ ನೋವಿಗೆ ಆ ಅಪಾಯ ಏಕೆ? ಜೋರಾಗಿ ತಿಕ್ಕಿಸುವುದು, ತುಳಿಸುವುದು ಕೂಡ ಬೇಡ. ಬೆಚ್ಚಗಿನ ಎಣ್ಣೆ ಹಚ್ಚಿ ಅಂಗೈಯಿಂದ ಮೆಲ್ಲಗೆ ಸವರಿಸಿಕೊಳ್ಳಿ, ಅದರಲ್ಲಿ ತೊಂದರೆಯಿಲ್ಲ. ದಿಂಬನ್ನು ಬಿಸಿಲಿಗೆ ಹಾಕಿದರೆ ಕುತ್ತಿಗೆ ಬಿಡುತ್ತದೆ ಅನ್ನುವವರಿದ್ದಾರೆ. ಹಾಕಿ, ದಿಂಬಿಗಾದರೂ ಒಳ್ಳೆಯದು.

ಕೊರಳಪಟ್ಟಿ, ಅಂದರೆ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಕಾಲರ್, ಹೆಚ್ಚಿನವರಿಗೆ ಬೇಕಾಗುವುದಿಲ್ಲ. ಬಸ್ಸಿನಲ್ಲಿ ದೂರ ಹೋಗಲೇಬೇಕಾದಾಗ ಒಂದೆರಡು ಗಂಟೆ ಹಾಕಿಕೊಳ್ಳಬಹುದು. ವಾರಗಟ್ಟಲೆ ಹಾಕಿದರೆ ತಲೆ ಹೊರುವ ಸ್ನಾಯುಗಳು ಕೆಲಸವಿಲ್ಲದೆ ಸೊರಗುತ್ತವೆ, ಪಟ್ಟಿ ತೆಗೆದ ದಿನ ನೋವು ಮತ್ತೆ ಹಾಜರು.

3. ಮಾತ್ರೆ: ಎಷ್ಟು, ಯಾವಾಗ, ಯಾರಿಗೆ ಬೇಡ

ಮಾತ್ರೆಯ ಕೆಲಸ ಒಂದೇ, ನೀವು ನಿದ್ದೆ ಮಾಡುವಂತೆ ಮತ್ತು ಕುತ್ತಿಗೆ ಅಲುಗಿಸುವಂತೆ ಮಾಡುವುದು. ಕಾಯಿಲೆ ವಾಸಿಯಾಗುವುದು ಅದರಿಂದಲ್ಲ.

ಆರೋಗ್ಯವಂತ ವಯಸ್ಕರು 500 ಮಿಲಿಗ್ರಾಂನ ಪ್ಯಾರಾಸಿಟಮಾಲ್ ಒಂದು ಅಥವಾ ಎರಡು ಮಾತ್ರೆ, ಕನಿಷ್ಠ 6 ಗಂಟೆ ಅಂತರದಲ್ಲಿ, ದಿನಕ್ಕೆ 6 ಮಾತ್ರೆ ಮೀರದಂತೆ ತೆಗೆದುಕೊಳ್ಳಬಹುದು. ಯಕೃತ್ತಿನ ತೊಂದರೆ ಇರುವವರು, ದಿನಾ ಕುಡಿಯುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಇವು ಉರಿಯೂತ ಇಳಿಸುವ ನೋವುಮಾತ್ರೆಗಳು. ಊಟದ ನಂತರವೇ ನುಂಗಬೇಕು, ಮೂರರಿಂದ ಐದು ದಿನಕ್ಕಿಂತ ಹೆಚ್ಚು ನಿಮ್ಮಷ್ಟಕ್ಕೆ ನೀವೇ ಎಳೆಯಬಾರದು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಹೃದಯದ ಕಾಯಿಲೆ ಇರುವವರು, ಬಿಪಿ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ಕೇಳದೆ ತೆಗೆದುಕೊಳ್ಳಬೇಡಿ.

ನಮ್ಮ ಮೂರು ಜಿಲ್ಲೆಗಳಿಗೆ ವಿಶೇಷವಾಗಿ ಒಂದು ಮಾತು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದ ಬಿಸಿಲಲ್ಲಿ ಹೊಲದಲ್ಲೋ ಗಣಿ ಲಾರಿಯಲ್ಲೋ ದುಡಿದು, ನೀರು ಕಡಿಮೆ ಕುಡಿದು, ಸಂಜೆ ಈ ಮಾತ್ರೆ ನುಂಗಿದರೆ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ದೇಹ ಒಣಗಿದಾಗ ಮೂತ್ರಪಿಂಡಕ್ಕೆ ರಕ್ತ ಹರಿಯುವುದೇ ಕಡಿಮೆ. ಈ ಮಾತ್ರೆ ಅದನ್ನು ಇನ್ನೂ ತಗ್ಗಿಸುತ್ತದೆ. ಮೂತ್ರ ಹಳದಿಗಟ್ಟಿದ್ದರೆ ಮೊದಲು ನೀರು, ಮಜ್ಜಿಗೆ. ಮಾತ್ರೆ ಆಮೇಲೆ. ಮುಲಾಮಾಗಿ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಆದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಅದನ್ನೇ ಮೊದಲು ಪ್ರಯತ್ನಿಸಬಹುದು.

‘ಕುತ್ತಿಗಿ ಹಿಡದೈತಿ, ಒಂದು ಡೋಸ್ ಕೊಡ್ರಿ’ ಎಂದು ಕೇಳಿ, ಕಾಗದದ ಪೊಟ್ಟಣದಲ್ಲಿ ಬಿಡಿಬಿಡಿ ಮಾತ್ರೆ ತರುವ ರೂಢಿ ಬಿಡಿ. ಯಾವುದು ಏನೆಂದು ನಿಮಗೂ ಗೊತ್ತಿರುವುದಿಲ್ಲ, ನಾಳೆ ಅಲರ್ಜಿಯಾದರೆ ವೈದ್ಯರಿಗೂ ಗೊತ್ತಾಗುವುದಿಲ್ಲ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಸಕ್ಕರೆ ಕಾಯಿಲೆಯವರ ಸಕ್ಕರೆ ಒಮ್ಮೆಲೇ ಏರುತ್ತದೆ. ಸ್ಟ್ರಿಪ್‌ನಲ್ಲಿಯೇ ಕೇಳಿ, ಹಿಂಬದಿಯ ಹೆಸರು ಓದಿ. ಅಸಿಕ್ಲೋಫೆನಾಕ್ ಮಾತ್ರೆಗಳಲ್ಲಿ ಎಷ್ಟೋ ಸಲ ಪ್ಯಾರಾಸಿಟಮಾಲ್ ಸೇರಿಯೇ ಇರುತ್ತದೆ, ನೆಗಡಿ ಮಾತ್ರೆಯಲ್ಲೂ ಇರುತ್ತದೆ. ಬೇರೆ ಬೇರೆ ಎಂದು ಮೂರನ್ನೂ ನುಂಗಿದರೆ ಒಂದೇ ಔಷಧಿ ಮೂರು ಪಾಲು ಒಳಗೆ ಹೋಯಿತು. ಸ್ನಾಯು ಸಡಿಲಿಸುವ ಮಾತ್ರೆ ಬರೆದುಕೊಟ್ಟಿದ್ದರೆ ತೂಕಡಿಕೆ ಬರಬಹುದು: ಅಂದು ಬೈಕು, ಟ್ರ್ಯಾಕ್ಟರು, ಹೊಲಿಗೆ ಯಂತ್ರ ಮೂರೂ ಬೇಡ.

4. ರಾತ್ರಿ: ದಿಂಬಿನ ಲೆಕ್ಕ

ಬೋರಲು ಮಲಗಬೇಡಿ. ಆ ಭಂಗಿಯಲ್ಲಿ ಉಸಿರಾಡಲು ತಲೆಯನ್ನು ಪೂರ್ತಿ ಒಂದು ಬದಿಗೆ ತಿರುಗಿಸಿಯೇ ಇಡೀ ರಾತ್ರಿ ಕಳೆಯಬೇಕು.

ಮಗ್ಗುಲಾಗಿ ಮಲಗುವವರಿಗೆ ದಿಂಬಿನ ಎತ್ತರ ಹೆಗಲ ತುದಿಯಿಂದ ಕಿವಿಯವರೆಗಿನ ಅಂತರದಷ್ಟಿರಬೇಕು. ಮನೆಯವರನ್ನು ಕಾಲ ಬಳಿ ನಿಲ್ಲಿಸಿ ನೋಡಲು ಹೇಳಿ: ಮೂಗು ಎದೆಯ ನಡುಗೆರೆಗೆ ನೇರವಾಗಿದೆಯೋ, ಹಾಸಿಗೆ ಕಡೆ ಇಳಿದಿದೆಯೋ, ಮೇಲಕ್ಕೆ ಎದ್ದಿದೆಯೋ? ಇಳಿದಿದ್ದರೆ ದಿಂಬಿನ ಕೆಳಗೆ ಒಂದು ದುಪ್ಪಟಿ ಮಡಿಸಿ ಹಾಕಿ. ಅಂಗಾತ ಮಲಗುವವರಿಗೆ ಇದರ ಅರ್ಧದಷ್ಟು ಎತ್ತರ ಸಾಕು, ಆದರೆ ಕುತ್ತಿಗೆಯ ಬಾಗಿನ ಕೆಳಗೆ ಪೊಳ್ಳು ಉಳಿಯಬಾರದು. ಅದಕ್ಕೊಂದು ಸುಲಭ ಉಪಾಯ: ಸ್ನಾನದ ಟವೆಲ್ಲನ್ನು ಉದ್ದಕ್ಕೆ ಎರಡು ಮಡಿಕೆ ಮಾಡಿ, ನಾಲ್ಕು ಬೆರಳು ದಪ್ಪ ಬರುವಂತೆ ಸುರುಳಿ ಸುತ್ತಿ, ಎರಡು ತುದಿಗೂ ದಾರ ಕಟ್ಟಿ ದಿಂಬಿನ ಗವಸಿನೊಳಗೆ ಕೆಳ ಅಂಚಿಗೆ ತಳ್ಳಿ. ತಲೆ ದಿಂಬಿನ ಮೇಲೆ, ಕುತ್ತಿಗೆ ಸುರುಳಿಯ ಮೇಲೆ, ಹೆಗಲು ಹಾಸಿಗೆಯ ಮೇಲೆ ಬರಬೇಕು. ಹೆಗಲೂ ದಿಂಬಿನ ಮೇಲೇರಿದರೆ ಗದ್ದ ಎದೆಗೆ ಒತ್ತುತ್ತದೆ. ಬಹಳಷ್ಟು ಜನ ಮಲಗುವುದು ಹಾಗೆಯೇ.

ಹೊರಸಿನ ನುಲಿ ಸಡಿಲಾಗಿ ನಡುವೆ ತಗ್ಗು ಬಿದ್ದಿದ್ದರೆ ಬಿಗಿ ಮಾಡಿಸಿ, ಅಲ್ಲಿಯವರೆಗೆ ನೆಲದ ಮೇಲೆ ಗಟ್ಟಿ ಹಾಸಿಗೆಯೇ ವಾಸಿ. ಏಳುವಾಗ ನೇರ ತಲೆ ಎತ್ತಬೇಡಿ. ಮಗ್ಗುಲಾಗಿ, ಕೈ ಊರಿ, ಕಾಲು ಇಳಿಸಿ ಏಳಿ.

5. ಅಲುಗಿಸುವುದು: ಇದೇ ನಿಜವಾದ ಮದ್ದು

ಎರಡು ಅಳತೆಗೋಲು ನೆನಪಿರಲಿ. ಮಾಡುವಾಗ ಎಳೆತ ಅಥವಾ ಸಣ್ಣ ನೋವು ಬಂದರೆ ಪರವಾಗಿಲ್ಲ, ಆದರೆ ನಿಲ್ಲಿಸಿದ ಅರ್ಧ ಗಂಟೆಯೊಳಗೆ ಮೊದಲಿದ್ದಷ್ಟಕ್ಕೆ ಇಳಿಯಬೇಕು. ಕೈಗೆ ಜುಮು ಅಥವಾ ಚಳುಕು ಹರಿದರೆ ಆ ವ್ಯಾಯಾಮ ಅಲ್ಲಿಗೇ ನಿಲ್ಲಿಸಿ.

ಮೊದಲ ದಿನದಿಂದಲೇ: ಅಂಗಾತ ಮಲಗಿ, ತಲೆಯ ಭಾರ ಪೂರ್ತಿ ದಿಂಬಿಗೆ ಬಿಡಿ. ‘ಇಲ್ಲ’ ಅನ್ನುವಂತೆ ತಲೆಯನ್ನು ಎಡಕ್ಕೆ, ಬಲಕ್ಕೆ ಉರುಳಿಸಿ. ಎತ್ತಬೇಡಿ, ಉರುಳಿಸಿ ಅಷ್ಟೇ. ಎಲ್ಲಿ ಹಿಡಿಯುತ್ತದೋ ಅಲ್ಲಿಂದ ಒಂದು ಕೂದಲೆಳೆ ಹಿಂದೆ ನಿಂತು ವಾಪಸ್ ಬನ್ನಿ. ಪ್ರತಿ ಬದಿಗೆ 5 ಸಲ, ಎಚ್ಚರವಿದ್ದಷ್ಟು ಹೊತ್ತು ಎರಡು ಗಂಟೆಗೊಮ್ಮೆ. ಕೂತಲ್ಲಿ ಹೆಗಲನ್ನು ಕಿವಿಯತ್ತ ಎತ್ತಿ, ಹಿಂದಕ್ಕೆ ಸುತ್ತಿ, ಇಳಿಸುವುದು 10 ಸಲ.

ಮೂರನೇ ದಿನದ ಹೊತ್ತಿಗೆ: ಅದನ್ನೇ ಕೂತು ಮಾಡಿ. ಜೊತೆಗೆ ಕಿವಿಯನ್ನು ಹೆಗಲತ್ತ ಬಾಗಿಸುವುದು, ಪ್ರತಿ ಬದಿಗೆ 5. ಹೆಗಲು ಕಿವಿಯತ್ತ ಏರಿ ಬಂದರೆ ಅದು ಮೋಸ. ಆಮೇಲೆ ಗದ್ದ ಹಿಂದಕ್ಕೆಳೆಯುವುದು. ಗೋಡೆಗೆ ಬೆನ್ನು ಒರಗಿಸಿ ಕೂತು, ಎದುರಿಗೆ ಕಣ್ಣಿನ ಮಟ್ಟದಲ್ಲಿ ಏನನ್ನಾದರೂ ನೋಡುತ್ತ, ಗದ್ದವನ್ನು ನೇರ ಹಿಂದಕ್ಕೆ ಸರಿಸಿ, ಎರಡು ಗದ್ದ ಕಾಣುವಂತೆ. 5 ಸೆಕೆಂಡು ಹಿಡಿದು ಬಿಡಿ, 8–10 ಸಲ. ಇದರಲ್ಲಿ ಎಲ್ಲರೂ ಮಾಡುವ ತಪ್ಪು ಗದ್ದವನ್ನು ಕೆಳಕ್ಕೆ ತಗ್ಗಿಸುವುದು. ದೃಷ್ಟಿ ನೆಲಕ್ಕೆ ಬಿದ್ದರೆ ತಪ್ಪಾಯಿತೆಂದೇ ಅರ್ಥ.

ಒಂದು ವಾರದ ನಂತರ, ಬಿಗಿತ ಬಿಟ್ಟಿದ್ದರೆ: ಅಂಗೈಯನ್ನು ಹಣೆಗೆ ಇಟ್ಟು, ತಲೆ ಮುಂದೆ ಒತ್ತಬೇಕು, ಕೈ ತಡೆಯಬೇಕು, ತಲೆ ಒಂದಿಷ್ಟೂ ಅಲುಗಬಾರದು. ನಿಮ್ಮ ಶಕ್ತಿಯ ಮೂರನೇ ಒಂದು ಪಾಲು ಸಾಕು. 5 ಸೆಕೆಂಡು, 5 ಸಲ. ಹೀಗೆಯೇ ಹಿಂದಲೆ, ಎಡ, ಬಲ. ಉಸಿರು ಕಟ್ಟಬೇಡಿ. ನೋವು ಹೋದ ಮೇಲೂ ಇದನ್ನು 6 ವಾರ ಮುಂದುವರಿಸಿ. ಮತ್ತೆ ಮತ್ತೆ ಹಿಡಿಯುವವರು ಬಿಟ್ಟುಬಿಡುವುದು ಈ ಭಾಗವನ್ನೇ.

ತಲೆಯನ್ನು ಗಿರಗಿರ ಪೂರ್ತಿ ಸುತ್ತ ತಿರುಗಿಸುವ ಶಾಲೆಯ ಡ್ರಿಲ್ ಈಗ ಬೇಡ.

6. ಕೆಲಸಕ್ಕೆ ಮರಳುವುದು

ಬೇಗ ಮರಳಿ, ಆದರೆ ಕೆಲಸ ಸ್ವಲ್ಪ ಬದಲಿಸಿಕೊಂಡು. ಕುತ್ತಿಗೆ ಬಾಗುವುದೇ ತಪ್ಪಲ್ಲ, ಬಾಗಿದಲ್ಲೇ ಗಂಟೆಗಟ್ಟಲೆ ನಿಲ್ಲುವುದು ತಪ್ಪು.

ಬಳ್ಳಾರಿಯ ಜೀನ್ಸ್ ಹೊಲಿಯುವವರಿಂದ ಶುರು ಮಾಡೋಣ. ಬಟ್ಟೆ ದಪ್ಪ, ಬಣ್ಣ ಕಡುನೀಲಿ, ಹೊಲಿಗೆ ಕಾಣಲು ಮುಖ ಸೂಜಿಯ ಹತ್ತಿರ ಹೋಗಲೇಬೇಕು. ಕೂತು ಮೊಣಕೈ ಪಕ್ಕೆಗೆ ತಾಗಿಸಿದಾಗ ಮೇಜಿನ ಹಲಗೆ ಮೊಣಕೈಗಿಂತ ಮೂರು ನಾಲ್ಕು ಬೆರಳು ಮೇಲಿರಲಿ. ಕಾಲಿನ ಬೋಲ್ಟ್ ಸಡಿಲಿಸಿ ಎತ್ತರ ಹೊಂದಿಸಬಹುದು, ಆಗದಿದ್ದರೆ ಸ್ಟೂಲು ಬದಲಿಸಿ. ಮೇಜಿನ ಆಚೆ ಬದಿಯ ಎರಡು ಕಾಲಿಗೆ ಒಂದು ಇಂಚಿನ ಹಲಗೆ ತುಂಡು ಕೊಟ್ಟರೆ ಹಲಗೆ ನಿಮ್ಮತ್ತ ಇಳಿಜಾರಾಗಿ, ಅಷ್ಟರಮಟ್ಟಿಗೆ ಕುತ್ತಿಗೆ ಬಾಗುವುದು ತಪ್ಪುತ್ತದೆ. ಮೇಜು ಅಲುಗದಂತೆ ಗಟ್ಟಿಯಾಗಿ ಕೂತಿದೆಯೇ ನೋಡಿ. ತಲೆ ಮೇಲಿನ ಟ್ಯೂಬ್‌ಲೈಟ್ ಸಾಲದು, ಸೂಜಿಯ ಪಕ್ಕಕ್ಕೇ ಒಂದು ಸಣ್ಣ ಎಲ್‌ಇಡಿ ದೀಪ ಹಾಕಿಸಿ. ಪೀಸ್ ಲೆಕ್ಕದಲ್ಲಿ ದುಡಿಯುವವರಿಗೆ ‘ಅರ್ಧ ಗಂಟೆಗೊಮ್ಮೆ ಏಳಿ’ ಅಂದರೆ ನಗುತ್ತಾರೆ. ಹಾಗಾಗಿ ಗಡಿಯಾರ ಬೇಡ, ಒಂದು ಕಟ್ಟು ಮುಗಿದಾಗ ಎದ್ದು, ಮುಂದಿನ ಕಟ್ಟನ್ನು ನೀವೇ ತಂದುಕೊಳ್ಳಿ.

ಹತ್ತಿ, ಮೆಣಸಿನಕಾಯಿ ಬಿಡಿಸುವಾಗ ಚೀಲ ಕೊರಳಿಗೆ ಜೋತುಹಾಕಬೇಡಿ, ಸೊಂಟಕ್ಕೆ ಉಡಿ ಕಟ್ಟಿ, ತುಂಬುವ ಮೊದಲೇ ಸುರಿಯಿರಿ. ಭತ್ತದ ನಾಟಿಯಲ್ಲಿ ಬಗ್ಗಿದ ಭಂಗಿಯಲ್ಲೇ ತಲೆ ಮಾತ್ರ ಎತ್ತಿ ಪಕ್ಕದವರೊಡನೆ ಮಾತಾಡಿದರೆ ಕುತ್ತಿಗೆ ಹಿಂದಕ್ಕೆ ಮುರಿದಂತಾಗುತ್ತದೆ. ಮಾತಾಡಬೇಕೆಂದರೆ ನೆಟ್ಟಗೆ ನಿಲ್ಲಿ. ಬೆನ್ನಿಗೆ ಹೊರುವ 16 ಲೀಟರಿನ ಔಷಧಿ ಟ್ಯಾಂಕಿಗೆ ಎರಡೂ ಪಟ್ಟಿ ಹಾಕಿ, ಅರ್ಧವೇ ತುಂಬಿಸಿ.

ತಲೆಹೊರೆ, ಹೆಗಲಹೊರೆ ಕನಿಷ್ಠ ಎರಡು ವಾರ ಪೂರ್ತಿ ನಿಲ್ಲಬೇಕು. ಗಂಗಾವತಿ, ಸಿಂಧನೂರಿನ 75 ಕಿಲೋದ ಭತ್ತದ ಚೀಲ ಹೊರುವ ಹಮಾಲರಿಗೆ ಇದು ಕೂಲಿಯ ಪ್ರಶ್ನೆ, ಗೊತ್ತು. ತೂಕ ಹಾಕುವುದು, ಚೀಲ ಹೊಲಿಯುವುದು, ಇಬ್ಬರು ಸೇರಿ ಎಳೆಯುವುದು ಇಂಥ ಕೆಲಸಕ್ಕೆ ಆ ಎರಡು ವಾರ ಅದಲುಬದಲು ಮಾಡಿಕೊಳ್ಳಿ. ಮನೆಯಲ್ಲಿ ಕುಡಿಯುವ ನೀರಿನ ಘಟಕದಿಂದ ತರುವ 20 ಲೀಟರ್ ಕ್ಯಾನ್ ಅಂದರೆ 20 ಕಿಲೋ, ಅದೂ ಒಂದೇ ಹೆಗಲ ಮೇಲೆ. ಅದರ ಬದಲು 10 ಲೀಟರಿನ ಎರಡು ಕ್ಯಾನ್, ಎರಡೂ ಕೈಗೆ ಒಂದೊಂದು. ತಲೆಹೊರೆಗೆ ಮರಳುವಾಗ ಸಿಂಬಿ ಇಟ್ಟುಕೊಂಡು, ಮೊದಲ ವಾರ ಅರ್ಧ ಕೊಡ.

ತಲೆ ಪೂರ್ತಿ ತಿರುಗುವ ತನಕ ಬೈಕು ಓಡಿಸಬೇಡಿ. ಹಿಂದಿನ ಲಾರಿ ನೋಡಲು ಆಗದವರು ರಸ್ತೆಗಿಳಿಯಬಾರದು. ಮೊಬೈಲನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಿರಿ.

7. ಯಾವಾಗ ತೋರಿಸಬೇಕು, ಏನು ಕೇಳಬೇಕು

ಒಂದು ವಾರ ಕಳೆದರೂ ಒಂದಿಷ್ಟೂ ಇಳಿಯದಿದ್ದರೆ, ಕೈಗೆ ಜುಮು ಇಳಿದಿದ್ದರೆ, ಅಥವಾ 6 ವಾರ ತುಂಬಿದರೂ ನೋವು ಉಳಿದಿದ್ದರೆ ತೋರಿಸಿ. ತಾಲ್ಲೂಕು ಆಸ್ಪತ್ರೆಯಿಂದ ಶುರು ಮಾಡಬಹುದು. ದೊಡ್ಡ ಮಟ್ಟದ ತಪಾಸಣೆಗೆ ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್ ಇವೆ. ‘ಫಿಸಿಯೋಥೆರಪಿ ಬೇಕಾ?’ ಎಂದು ನೀವಾಗಿಯೇ ಕೇಳಿ.

ಎಕ್ಸ್‌ರೇಗೆ ಮೊದಲ ದಿನವೇ ಒತ್ತಾಯಿಸಬೇಡಿ. ಸ್ನಾಯು ಬಿಗಿತ ಅದರಲ್ಲಿ ಕಾಣುವುದಿಲ್ಲ. ಕಾಣುವುದು ಎಲುಬಿನ ಸವೆತ. ವಯಸ್ಸು 40 ದಾಟಿದ, ನೋವೇ ಇಲ್ಲದ ಎಷ್ಟೋ ಜನರಲ್ಲೂ ಅದು ಇರುತ್ತದೆ. ವರದಿಯಲ್ಲಿ ಬರುವ ‘ಸ್ಪಾಂಡಿಲೋಸಿಸ್’ ಎಂಬ ಪದದ ಅರ್ಥ ಇಷ್ಟೇ: ಕೂದಲು ನರೆತಂತೆ ಮಣಿ ಎಲುಬೂ ಮಾಗಿದೆ. ಆ ಒಂದು ಪದಕ್ಕೆ ಹೆದರಿ ಕುತ್ತಿಗೆ ಅಲುಗಿಸುವುದನ್ನೇ ಬಿಟ್ಟವರು ಎಕ್ಸ್‌ರೇಯಿಂದ ಕಳೆದುಕೊಂಡದ್ದೇ ಹೆಚ್ಚು.

ಈ ಸೀಮೆಯವರು ವೈದ್ಯರಿಗೆ ತಪ್ಪದೆ ಹೇಳಬೇಕಾದ ಇನ್ನೊಂದು ಸಂಗತಿ, ಎಷ್ಟು ವರ್ಷದಿಂದ ಯಾವ ನೀರು ಕುಡಿಯುತ್ತಿದ್ದೀರಿ ಎಂಬುದು. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ವರ್ಷಗಟ್ಟಲೆ ಕುಡಿದರೆ ಅದು ಎಲುಬಿನಲ್ಲಿ ಸೇರಿಕೊಂಡು ಕುತ್ತಿಗೆ, ಸೊಂಟ, ಮೊಣಕಾಲು ನಿಧಾನಕ್ಕೆ ಮರಗಟ್ಟುತ್ತವೆ. ಅದು ಒಂದು ರಾತ್ರಿಯಲ್ಲಿ ಹಿಡಿಯುವ ಕುತ್ತಿಗೆಯಲ್ಲ. ತಿಂಗಳುಗಳಿಂದ ಬಿಗಿಯುತ್ತ ಬಂದಿದ್ದು, ಜೊತೆಗೆ ಮನೆಯ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳಿದ್ದರೆ ಅನುಮಾನಿಸಿ. ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಲ್ಲಿ 1.5. ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿಕೊಡುವಂತೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಫಲಿತಾಂಶ ಬರುವವರೆಗೆ ಆ ನೀರನ್ನು ಕಾಯಿಸಿ ಕುಡಿದರಾಯಿತು ಅಂದುಕೊಳ್ಳಬೇಡಿ: ಕುದಿದಷ್ಟೂ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ.